ಸೂಜಿಯಕ್ಕನ ಹೆಸರಿಗೇ ಕೈ ಹಾಕಿದರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಹಡಿ ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಸೂಜಿಯಕ್ಕ ಹೊಲಿಗೆ ಮಿಷಿನ್ನೊಂದನ್ನು ಮಗುಚಿಕೊಂಡು ಅದರ ಹೊಟ್ಟೆಗೆ ಟಾರ್ಚ್ ಬಿಡುತ್ತಿದ್ದಾರೆ. ಬಾಬಿನ್ ಸುತ್ತ ದಾರ ಕಗ್ಗಂಟಾಗಿದೆ. ಚಿಮಟದಿಂದ ಒಂದೊಂದೇ ಎಳೆ ಕೀಳುತ್ತಾ, "ತಂದು ವರ್ಷ ಆಗಿಲ್ಲವಂತೆ! ಮೇಲೆ ಥಳಕು, ಒಳಗೆ ಹುಳುಕು" ಎಂದು ಬೈಯುತ್ತಾರೆ. ಆ ಮಿಷಿನ್ನಿನ ಮೈಮೇಲೆ ಹೊಳೆಯುವ ಅಕ್ಷರಗಳಲ್ಲಿ ಕಂಪನಿ ಇಟ್ಟ ಹೆಸರಿದೆ: ಸೂಜಿಯಕ್ಕ.

ಹೌದು, ಇಬ್ಬರದೂ ಒಂದೇ ಹೆಸರು. ಜಗಳ ಇರುವುದೇ ಅಲ್ಲಿ.

ರಿಪೇರಿ ಕೆಲಸ ಅಪ್ಪನದು. ಅಪ್ಪನ ಕೈ ನಡುಗತೊಡಗಿದಾಗ ಅವರ ಸ್ಕ್ರೂಡ್ರೈವರ್ ಮಗಳ ಕೈಗೆ ಬಂತು. ಹೆಣ್ಣು ಕೈ ಇಟ್ಟರೆ ಮಿಷಿನ್ ಕೆಡುತ್ತದೆಂದು ವಾಪಸ್ ಹೊತ್ತೊಯ್ದ ಮಹಾನುಭಾವರೂ ಇದ್ದರು. "ಹೆಂಗಸರು ಹೊಲೀಬಹುದಂತೆ, ಬಿಚ್ಚಬಾರದಂತೆ!" ಎಂದು ಸೂಜಿಯಕ್ಕ ಈಗ ನಗುತ್ತಾರೆ. ಆಗ ನಗು ಬಂದಿರಲಿಕ್ಕಿಲ್ಲ. ಕಾಲರಿಗೆ ಸೂಜಿ ಚುಚ್ಚಿಕೊಂಡು ಮನೆಮನೆಗೆ ಹೋಗುತ್ತಿದ್ದರು. "ಮೊದಲು ಸೂಜಿ ಬದಲಾಯ್ಸಿ, ಆಮೇಲೆ ಮಿಷಿನ್ ಬೈಯಿರಿ" ಎನ್ನುವುದು ಅವರ ಮಾತು. ಬೀದಿಯ ಮಕ್ಕಳು ಸೂಜಿಯಕ್ಕ ಎಂದವು, ಆಮೇಲೆ ಊರೇ ಹಾಗೆ ಕರೆಯಿತು.

ಇನ್ನೊಂದು ಅಭ್ಯಾಸವುಂಟು. ಸರಿಮಾಡಿದ ಪ್ರತಿ ಮಿಷಿನ್ನಿನ ತಳದಲ್ಲಿ ಕೆಂಪು ಉಗುರುಬಣ್ಣದಿಂದ ತಮ್ಮ ಹೆಸರು, ಕೆಳಗೆ ಇಸವಿ ಬರೆಯುತ್ತಾರೆ. ಮತ್ತೆ ಕೆಟ್ಟು ಬಂದರೆ ಯಾವ ಕಾಲದ ರಿಪೇರಿ ಎಂದು ಗೊತ್ತಾಗಲಿ ಎಂದಷ್ಟೇ.

ರಸ್ತೆ ಅಗಲ ಮಾಡುವಾಗ ಅಂಗಡಿ ಹೋಯಿತು, ಬೋರ್ಡೂ ಹೋಯಿತು. ಮೆಟ್ಟಿಲ ಕೆಳಗೆ ಸೇರಿದ ಮೇಲೆ ಹಳೇ ಗಿರಾಕಿಗಳಿಗೆ ಜಾಗವೇ ಸಿಗದಾಯಿತು. ದಿನಕ್ಕೆ ನಾಲ್ಕೈದು ಮಿಷಿನ್ ಬರುತ್ತಿದ್ದಲ್ಲಿ ವಾರಕ್ಕೆ ಎರಡು ಬಂದರೆ ಹೆಚ್ಚು. ಆಗ ಫೋಟೊ ಸ್ಟುಡಿಯೊದಲ್ಲಿ ಕೆಲಸ ಮಾಡುವ ತಂಗಿಯ ಮಗಳು ಸೂಜಿಯಕ್ಕನ ಹೆಸರಿನಲ್ಲೇ ಇಂಟರ್ನೆಟ್ಟಿನಲ್ಲಿ ಒಂದು ವಿಳಾಸ ಮಾಡಿಸಿದಳು. "ಹೆಸರು ಖಾಲಿ ಇದೆ ಅಂತ ತೋರಿಸ್ತು, ತಗೊಂಡೆ. ಇನ್ಯಾರೋ ಅದನ್ನ ಟ್ರೇಡ್‌ಮಾರ್ಕ್ ಮಾಡಿಸ್ಕೊಂಡಿರ್ತಾರೆ ಅಂತ ನಂಗೆ ಕನಸು ಬೀಳಬೇಕಿತ್ತಾ? ಅದು ನಮ್ಮ ದೊಡ್ಡಮ್ಮನ ಹೆಸರು!"

ಎಡವಿದ್ದು ಫೋಟೊದಲ್ಲಿ. ಕೆಲಸ ಮಾಡುತ್ತಿರುವ ದೊಡ್ಡಮ್ಮನ ಚಿತ್ರ ತೆಗೆದು ಆ ವಿಳಾಸದಲ್ಲಿ ಹಾಕಿದಳು. ಅವತ್ತು ಮೇಜಿನ ಮೇಲಿದ್ದದ್ದು ಇದೇ ಕಂಪನಿಯ ಮಿಷಿನ್, ಕೆಟ್ಟು ರಿಪೇರಿಗೆ ಬಂದಿದ್ದು.

ಗಿರಾಕಿಗಳು ಮತ್ತೆ ಬರತೊಡಗಿದ್ದರು. ಅಷ್ಟರಲ್ಲಿ ಕಂಪನಿಯ ನೋಟಿಸ್ ಬಂತು: ನಮ್ಮ ಹೆಸರು ಕದ್ದಿದ್ದೀರಿ, ನಮ್ಮ ಮಿಷಿನ್ ತೋರಿಸಿ ಜನರಿಗೆ ಮೋಸ ಮಾಡುತ್ತಿದ್ದೀರಿ, ವಿಳಾಸ ನಮಗೆ ಒಪ್ಪಿಸಿ, ಇನ್ನು ಈ ಹೆಸರಿನಲ್ಲಿ ಕೆಲಸ ಮಾಡಕೂಡದು. ಅಲ್ಲಾ ಸ್ವಾಮಿ, ಮೊನ್ನೆ ಮೊನ್ನೆ ಕಣ್ಣುಬಿಟ್ಟ ಕಂಪನಿ ತಲೆ ನರೆತ ಹೆಂಗಸಿಗೆ ನಿನ್ನ ಹೆಸರು ನಿನ್ನದಲ್ಲ ಎನ್ನುವುದೆಂದರೇನು? ಇದ್ಯಾವ ಸೀಮೆ ನ್ಯಾಯ?

"ಕೆಟ್ಟು ಬಂತು, ಸರಿಮಾಡಿ ಕಳಿಸ್ದೆ. ಅದು ಮೋಸಾನಾ?" ಸೂಜಿಯಕ್ಕನ ದನಿ ಏರುತ್ತದೆ. "ಮೈಯೆಲ್ಲ ಉರಿದುಹೋಯ್ತು ನಂಗೆ. ಮೂರು ದಿನ ಊಟ ಸೇರ್ಲಿಲ್ಲ."

ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ಆ ಗಾದೆ ಕಟ್ಟಿದವನು ಬಡವನಾಗಿರಲಿಕ್ಕಿಲ್ಲ.

ಪಕ್ಕದ ಬೀದಿಯ ವಕೀಲರು ನೋಟಿಸ್ ಓದಿ ನೇರವಾಗಿ ಹೇಳಿದರು: "ಆ ಫೋಟೊ ಇವತ್ತೇ ಅಲ್ಲಿಂದ ತೆಗೆದುಹಾಕ್ಸಿ, ಅದು ನಮ್ಮ ತಪ್ಪು. ಹೆಸರು ಮಾತ್ರ ಬಿಡಬೇಡಿ. ಅವರಿಗಿಂತ ಮುಂಚೆಯಿಂದ ಈ ಹೆಸರಲ್ಲೇ ಕೆಲಸ ಮಾಡ್ತಿದ್ದೀರಿ ಅನ್ನೋಕೆ ಏನಾದ್ರೂ ಇದ್ಯಾ?" ಸೂಜಿಯಕ್ಕ ಎದ್ದರು, ಅಲ್ಲೇ ಮೂಲೆಯಲ್ಲಿದ್ದ ವಕೀಲರ ಮನೆಯ ಮಿಷಿನ್ನನ್ನೇ ಮಗುಚಿದರು. ತಳದಲ್ಲಿ ಮಾಸಿದ ಕೆಂಪಿನಲ್ಲಿ ಸೂಜಿಯಕ್ಕ ಎಂದಿತ್ತು. ಕೆಳಗಿದ್ದ ಇಸವಿಯಲ್ಲಿ ಆ ಕಂಪನಿ ಇನ್ನೂ ಹುಟ್ಟೇ ಇರಲಿಲ್ಲ.

ತಂಗಿಯ ಮಗಳು ಕ್ಯಾಮೆರಾ ಹಿಡಿದು ಮನೆಮನೆ ಸುತ್ತಿದ್ದಾಳೆ. "ನಮ್ಮ ಸೂಜಿಯಕ್ಕನ್ನ ಕಳ್ಳಿ ಅಂದ್ರಾ? ಅವರ ಬಾಯಿಗಿಷ್ಟು ಮಣ್ಣು ಹಾಕ! ಎಷ್ಟು ಬೇಕೋ ಫೋಟೊ ತಗೊಳಮ್ಮಾ" ಎಂದು ಮಿಷಿನ್ ಮಗುಚಿಕೊಟ್ಟವರೇ ಎಲ್ಲ. ಚಿತ್ರಗಳ ಜೊತೆ ಉತ್ತರ ಹೋಗಿದೆ. ಕಂಪನಿಯಿಂದ ಪಿಟ್ಟೆಂಬ ಮಾತಿಲ್ಲ. ಅದು ದೂರು ಕೊಟ್ಟಿದ್ದರಿಂದ ಇಂಟರ್ನೆಟ್ಟಿನ ವಿಳಾಸ ಮಾತ್ರ ಮುಚ್ಚಿದೆ. ಗಿರಾಕಿಗಳು ಮತ್ತೆ ದಾರಿ ತಪ್ಪುತ್ತಿದ್ದಾರೆ.

ಕಗ್ಗಂಟು ಬಿಚ್ಚಿತು. ಸೂಜಿ ಬದಲಾಯಿಸಿ, ಎಣ್ಣೆ ಬಿಟ್ಟು, ಚಿಂದಿಯ ಮೇಲೆ ಒಂದು ಸಾಲು ಹೊಲಿದು ನೋಡುತ್ತಾರೆ. ಆಮೇಲೆ ಉಗುರುಬಣ್ಣದ ಶೀಶೆ ಕೈಗೆತ್ತಿಕೊಳ್ಳುತ್ತಾರೆ. ಚಹಾ ತಂದ ತಂಗಿಯ ಮಗಳು ಬಾಗಿಲಲ್ಲೇ ನಿಲ್ಲುತ್ತಾಳೆ.

"ದೊಡ್ಡಮ್ಮಾ, ಅವರ ಮಿಷಿನ್ ಮೇಲೂ ಬರೀತೀಯಾ? ಇನ್ನೊಂದು ನೋಟಿಸ್ ಬರತ್ತೆ!"

"ಬರ್ಲಿ. ಸರಿಮಾಡಿದ್ದು ಯಾರು? ನಾನು ತಾನೆ?"

ತಳದಲ್ಲಿ ಕೆಂಪು ಅಕ್ಷರ ಮೂಡುತ್ತದೆ. ನಿಮಗೆ ಏನಾಗಬೇಕು ಹೇಳಿ ಎಂದು ನಾವು ಕೇಳಿದರೆ ಶೀಶೆಯ ಮುಚ್ಚಳ ತಿರುಗಿಸುತ್ತಾ ಅನ್ನುತ್ತಾರೆ: "ಅವರ ಮಿಷಿನ್ ಅವರು ಮಾರ್ಕೊಳ್ಲಿ, ನಂಗೇನು ಹೊಟ್ಟೆಕಿಚ್ಚಿಲ್ಲ. ಕೆಟ್ರೆ ಇಲ್ಲಿಗೇ ತರ್ತಾರೆ. ಆದ್ರೆ ಕದ್ದೆ ಅಂದ್ರಲ್ಲ, ಆ ಒಂದು ಮಾತು ವಾಪಸ್ ತಗೋಬೇಕು. ನಮ್ಮಪ್ಪನ ಸ್ಕ್ರೂಡ್ರೈವರ್ ಬಿಟ್ರೆ ನಾನು ಯಾರದ್ದೂ ಏನೂ ತಗೊಂಡೋಳಲ್ಲ."