ಎರಡು ಸೀಮೆಯ ಬಂಡೆಗೆ ಎಷ್ಟು ದೂರ

ನಮ್ಮ ಕಡೆ ದಾರಿ ಕೇಳಿದವರಿಗೆ ಯಾರೂ ‘ದೂರ ಐತಿ’ ಎನ್ನುವುದಿಲ್ಲ. ಹಾಗೆಂದರೆ ಹೊರಟವನ ಕಾಲು ಮುರಿದಂತೆ. ಅರ್ಧ ಫರ್ಲಾಂಗ್ ಇರಲಿ, ಎರಡು ಹರದಾರಿ ಇರಲಿ, ‘ಇಲ್ಲೇ ಐತಿ, ನಡೀರಿ’ ಎಂದು ಗದ್ದ ಮುಂದೆ ಮಾಡಿ ದಿಕ್ಕು ತೋರಿಸುತ್ತಾರೆ. ಕೇಳಿದವನೂ ನಮ್ಮವನಾದರೆ ತಿಳಿದುಕೊಂಡು ಬುತ್ತಿ ಕಟ್ಟಿಕೊಳ್ಳುತ್ತಾನೆ. ಹೊರಗಿನವನಾದರೆ ನಂಬುತ್ತಾನೆ. ಮಸ್ಕಿಯ ದ್ಯಾವಪ್ಪನಿಗೆ ತಾಪತ್ರಯ ಬಂದದ್ದು ಈ ನಂಬಿದವರಿಂದ.

ದ್ಯಾವಪ್ಪ ಕುರಿ ಕಾಯುವವನು. ಈಗ ಐವತ್ತಾರೋ ಐವತ್ತೇಳೋ. ಎಂಟು ವರ್ಷದವನಿದ್ದಾಗಿನಿಂದ ಊರ ಹಿಂದಿನ ಗುಡ್ಡಗಳಲ್ಲಿ ಕುರಿ ಬಿಟ್ಟುಕೊಂಡು ತಿರುಗಿದವನು. ಶಾಲೆಯ ಕಟ್ಟೆಯನ್ನು ಮಳೆ ಬಂದಾಗ ಮಾತ್ರ ಹತ್ತಿದ್ದಾನೆ. ಈಗ ಅವನೂ ಅವನ ತಮ್ಮನೂ ಪಾಳಿಯ ಮೇಲೆ ಕುರಿ ಕಾಯುತ್ತಾರೆ. ನಾನು ಸಿಂಧನೂರು, ಮಸ್ಕಿ, ಲಿಂಗಸುಗೂರು ರಸ್ತೆಯಲ್ಲಿ ಕ್ರೂಸರ್ ಗಾಡಿ ಓಡಿಸುತ್ತೇನೆ. ಐದನೆಯ ಇಯತ್ತೆಯವರೆಗೆ ಕಲಿತಿದ್ದೇನೆ. ಅಷ್ಟು ಕಲಿತದ್ದಕ್ಕೆ ಇದನ್ನು ಬರೆಯಲು ಬಂತು.

ಅವನು ಜನರಿಗೆ ಗುಡ್ಡ ತೋರಿಸಲು ಶುರು ಮಾಡಿದ್ದು ಮೂರು ವರ್ಷದ ಹಿಂದೆ. ಅದಕ್ಕೆ ಕಾರಣ ನನ್ನ ಬಾಯಿ. ಬಳ್ಳಾರಿ ಕಡೆಯ ನಾಲ್ಕು ಮಂದಿಯನ್ನು ಅಶೋಕನ ಶಾಸನ ನೋಡಲು ಕರೆತಂದಿದ್ದೆ. ಕಬ್ಬಿಣದ ಜಾಲರಿಯ ಹಿಂದಿನ ಕಲ್ಲನ್ನು ಹತ್ತು ನಿಮಿಷ ನೋಡಿ, ನಾಲ್ಕು ಫೋಟೋ ತೆಗೆದು, ಒಬ್ಬ ನನ್ನ ಕಡೆ ತಿರುಗಿ ‘ಇಷ್ಟೇನಾ?’ ಎಂದ. ನನಗೆ ನೆತ್ತಿಗೇರಿತು.

“ಮತ್ತೇನು, ಕಲ್ಲು ಎದ್ದು ಕುಣೀಬೇಕಿತ್ತೇನ್ರಿ? ಎರಡು ಸಾವಿರ ವರ್ಷದ ಮ್ಯಾಲಾತು ಕುಂತು, ನೀವು ಬಂದೀರಂತ ಏಳಬೇಕೇನು?”

ಕುರಿಗಳ ನಡುವೆ ನಿಂತಿದ್ದ ದ್ಯಾವಪ್ಪ ನಕ್ಕ. “ಸಿಟ್ಟ್ಯಾಕ ಮಕ್ತುಮ್? ನೋಡಾಕ ಬಂದಾರ, ನೋಡ್ಲಿ. ಬರ್ರಿ ಯಪ್ಪಾ, ಎರಡು ಸೀಮಿ ಬಂಡೆ ತೋರಸ್ತೀನಿ. ಇಲ್ಲೇ ಐತಿ.”

ಅವರು ಹೋದರು. ನಾನು ಸೀಟು ಒರಗಿಸಿ ಮಲಗಿದೆ. ಮೂರು ತಾಸಿನ ಮೇಲೆ ಪ್ಯಾಂಟಿಗೆ ಮುಳ್ಳು ಅಂಟಿಸಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಬಂದರು. ‘ಇಷ್ಟೇನಾ’ ಎಂದವನೇ ಗಾಡಿಯಲ್ಲಿ ನನ್ನನ್ನು ಕೇಳಿದ: “ನೀವು ಆ ಬಂಡೆ ಹತ್ತಿದ್ದೀರಾ?” ಇಲ್ಲ ಎಂದೆ. ಅವನು ನನ್ನನ್ನು ನೋಡಿದ ರೀತಿ ನನಗೆ ಸೇರಲಿಲ್ಲ.

ಅವರು ಇಳಿದುಕೊಂಡಿದ್ದ ಸಿಂಧನೂರಿನ ಲಾಡ್ಜು ಸಿದ್ದಲಿಂಗೇಶ ಸಾವ್ಕಾರರದು. ಅವರಿಗೆ ಸುದ್ದಿ ಮುಟ್ಟಿತು. ಅಂದಿನಿಂದ ಲಾಡ್ಜಿಗೆ ಬಂದವರಲ್ಲಿ ಊರು ನೋಡಬೇಕೆಂದವರನ್ನೆಲ್ಲ ನನ್ನ ಗಾಡಿಯಲ್ಲಿ ದ್ಯಾವಪ್ಪನ ಹತ್ತಿರ ಕಳಿಸತೊಡಗಿದರು, ಅವನಿಗೆ ದಿನಗೂಲಿ ಕೊಡತೊಡಗಿದರು.

ದ್ಯಾವಪ್ಪ ಮುಂದೆ ನಡೆಯುತ್ತಾನೆ, ತಿರುಗಿ ನೋಡುವುದಿಲ್ಲ. ಹಿಂದಿನವರಿಗೆ ಕೇಳಲಿ ಬಿಡಲಿ, ಮಾತು ಮಾತ್ರ ಆಡುತ್ತಲೇ ಇರುತ್ತಾನೆ. ಪ್ರತಿ ಕಲ್ಲಿಗೂ ಅವನಲ್ಲಿ ಹೆಸರುಂಟು, ಎಲ್ಲವೂ ಕುರಿಗಳಿಂದ ಬಂದ ಹೆಸರುಗಳು. ಕುಂಟು ಕುರಿ ಮರಿ ಹಾಕಿದ್ದು ಕುಂಟಿ ಈದ ಕಲ್ಲು. ತೋಳ ಬಂದಾಗ ಟಗರೊಂದು ಹಾರಿ ಉಳಿದದ್ದು ಟಗರಿನ ಜಿಗಿತ. ಅರ್ಧ ದಾರಿಯಲ್ಲಿ ಬಂಡೆಯೊಳಗೆ ಮಳೆನೀರು ನಿಲ್ಲುವ ಒಂದು ದೊಣೆ ಇದೆ, ಶಿವರಾತ್ರಿಯವರೆಗೂ ಬತ್ತುವುದಿಲ್ಲ. ಅದರಲ್ಲಿ ಯಾರಾದರೂ ಕಾಲಿಡಲು ಹೋದರೆ ಬಡಿಗೆ ಅಡ್ಡ ಹಿಡಿಯುತ್ತಾನೆ.

“ಕುರಿ ಕುಡಿಯೋ ನೀರ್ರಿ. ನೀವು ಕಾಲಿಟ್ರ ಮೂರು ದಿನ ಮೂಸಿ ನೋಡಂಗಿಲ್ಲ ಅವು.”

ಗುಡ್ಡದ ಮೇಲಿನ ಹಳೆಯ ಗೋಡೆ ಯಾವ ರಾಜನದು ಎಂದು ಒಬ್ಬರು ಕೇಳಿದರಂತೆ. “ಕುರಿಗೆ ಗೊತ್ತಿಲ್ಲದ್ದು ನನಗೂ ಗೊತ್ತಿಲ್ಲರಿ” ಎಂದನಂತೆ. ಅವರು ಅದನ್ನು ಎಲ್ಲರಿಗೂ ಹೇಳಿಕೊಂಡು ನಕ್ಕರು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಲಾಡ್ಜಿನ ಬಗ್ಗೆ ಯಾರೋ ಮೊಬೈಲಿನಲ್ಲಿ ಬರೆದು ಹಾಕಿದರು. ಸಾವ್ಕಾರರು ನಮ್ಮಿಬ್ಬರನ್ನೂ ಕರೆಸಿ ಗಟ್ಟಿಯಾಗಿ ಓದಿದರು. ‘ಗೈಡ್ ಸುಳ್ಳುಗಾರ. ಇಲ್ಲೇ ಇದೆ ಎಂದು ಹೇಳಿ ಒಂದೂವರೆ ಗಂಟೆ ನಡೆಸಿದ. ನಮ್ಮ ತಾಯಿಯನ್ನು ಹೊತ್ತುಕೊಂಡು ಇಳಿಯಬೇಕಾಯಿತು. ಒಂದು ನಕ್ಷತ್ರವೂ ಹೆಚ್ಚು.’

“ಕೇಳಿದೇನು ದ್ಯಾವಪ್ಪ? ನಿನ್ನ ‘ಇಲ್ಲೇ’ ನನ್ನ ಲಾಡ್ಜಿನ ಹೆಸರು ತಿಂತು.”

“ಸುಳ್ಳ್ಯಾಕ ಹೇಳ್ಲಿ ಸಾವ್ಕಾರ್ರ? ಅದು ಅಲ್ಲೇ ಐತಿ. ಎಲ್ಲಿ ಹೋಕ್ಕೈತಿ?”

“ಎಷ್ಟು ಕಿಲೋಮೀಟರ್ ಐತಿ ಹೇಳು.”

“ಕಿಲೋಮೀಟರ್ ರೋಡಿಗೆ ಇರತೈತ್ರಿ, ಗುಡ್ಡಕ್ಕೆಲ್ಲಿ?”

ಸಾವ್ಕಾರರು ನನ್ನ ಕಡೆ ತಿರುಗಿದರು. “ಮಕ್ತುಮ್‌ಸಾಬ್, ನಿನ್ನ ಮೊಬೈಲಿನಾಗ ಅಳಕೊಂಡು ಬಾ. ನಾಳಿಂದ ಈ ಮನುಷ್ಯ ಅಷ್ಟೇ ಹೇಳಬೇಕು. ಇನ್ನೊಂದು ತಕರಾರು ಬಂದ್ರ ಇವನೂ ಬ್ಯಾಡ, ಇವನ ಗುಡ್ಡಾನೂ ಬ್ಯಾಡ.”

ಹೀಗೆ ನಾನು ಮೊದಲ ಸಲ ಆ ಗುಡ್ಡ ಹತ್ತಿದೆ. ಇಪ್ಪತ್ತು ವರ್ಷ ಅದರ ಬುಡದಲ್ಲಿ ಗಾಡಿ ನಿಲ್ಲಿಸಿದವನು. ಟಗರಿನ ಜಿಗಿತದ ಹತ್ತಿರ ಚಪ್ಪಲಿ ಹರಿಯಿತು. “ಯಣ್ಣಾ, ಇನ್ನೆಷ್ಟೈತಿ?” ಎಂದೆ. ‘ಇಲ್ಲೇ’ ಎಂದ. ದೊಣೆಯ ಹತ್ತಿರ ಮತ್ತೆ ಕೇಳಿದೆ. ‘ಇಲ್ಲೇ’ ಎಂದ. ಅಲ್ಲಿಂದ ಮುಂದೆ ಸೀತಾಫಲದ ಗಿಡಗಳ ನಡುವೆ ಹೋಗುವಾಗ ನಾನು ಆಡಿದ ಮಾತುಗಳನ್ನು ಬರೆಯುವಂತಿಲ್ಲ. ಅವನು ಕೇಳಿಸಿಕೊಂಡು, ಬಗ್ಗಿ ಮುಳ್ಳುಹಂದಿಯ ಮುಳ್ಳೊಂದನ್ನು ಎತ್ತಿ ನನ್ನ ಕೈಗೆ ಕೊಟ್ಟ. ಬಾಯಿ ಮುಚ್ಚಿಸಲು ಕೊಟ್ಟಿದ್ದೋ, ನೋಡಲು ಕೊಟ್ಟಿದ್ದೋ ಗೊತ್ತಾಗಲಿಲ್ಲ.

ಬಂಡೆ ಅಗಲವಾಗಿ, ಎತ್ತಿನ ಬೆನ್ನಿನಂತೆ ನುಣ್ಣಗಿದೆ. ಮೂಡಣಕ್ಕೆ ನಿಂತರೆ ಕಾಲುವೆ, ಅದರ ಕೆಳಗೆ ಸಿಂಧನೂರಿನ ಕಡೆಗೆ ಭತ್ತದ ಗದ್ದೆಗಳು, ಗದ್ದೆಯಲ್ಲಿ ಕೊಕ್ಕರೆಗಳು. ಪಡುವಣಕ್ಕೆ ತಿರುಗಿದರೆ ಲಿಂಗಸುಗೂರಿನ ಕಡೆಯ ಒಣ ಸೀಮೆ. ಕೆಂಪು ಮಣ್ಣು, ತೊಗರಿ, ಅಲ್ಲೊಂದು ಇಲ್ಲೊಂದು ಬೇವಿನ ಮರ. ನೀರು ಬಂದ ನೆಲ, ಬಾರದ ನೆಲ, ಎರಡೂ ಒಂದೇ ಕಲ್ಲಿನ ಆಚೆ ಈಚೆ.

“ಕಣ್ಣು ಮುಚ್ಚಿ ಸುತ್ತ ತಿರುಗು, ಮಕ್ತುಮ್. ಕಣ್ಣ ಬೇಕಿಲ್ಲ.”

ತಿರುಗಿದೆ. ಒಂದು ಕಡೆ ಕೆಸರಿನ ವಾಸನೆ, ಇನ್ನೊಂದು ಕಡೆ ಬಿಸಿ ಧೂಳಿನ ವಾಸನೆ. ಇದನ್ನು ಅವನು ಯಾರಿಂದಲೂ ಕಲಿತಿದ್ದಲ್ಲ. ಕುರಿಗಳು ಇಲ್ಲಿಗೆ ಬಂದು ಮೂಗೆತ್ತಿ ನಿಲ್ಲುತ್ತಿದ್ದವಂತೆ, ಯಾಕೆಂದು ಅವನೂ ನಿಂತು ನೋಡಿದನಂತೆ.

ಮೊಬೈಲು ಮೂರು ಕಿಲೋಮೀಟರ್ ಇನ್ನೂರು ಮೀಟರ್ ಎಂದಿತು. ಅಂದಿನಿಂದ ದ್ಯಾವಪ್ಪ ಬಂದವರಿಗೆಲ್ಲ ಹಾಗೆಯೇ ಹೇಳಿದ. “ಮೂರು ಕಿಲೋಮೀಟರ್ ಇನ್ನೂರು ಮೀಟರ್ ಐತ್ರಿ. ಹೋಗಾಕಷ್ಟೇ. ಬರಾಕ ಮತ್ತ ಅಷ್ಟು.” ಕೇಳಿದವರು ಗುಡ್ಡ ನೋಡಿದರು, ಬಿಸಿಲು ನೋಡಿದರು, ಶಾಸನದ ಮುಂದೆ ಫೋಟೋ ತೆಗೆಸಿಕೊಂಡು ಚಹಾ ಕುಡಿದು ಹೋದರು. ಒಂದು ಗುಂಪು ಹೋಯಿತು, ಎರಡು ಹೋಯಿತು, ಸಂಕ್ರಾಂತಿ ಬರುವಷ್ಟರಲ್ಲಿ ಏಳು ಗುಂಪು ಹಾಗೆಯೇ ಹೋದವು. ತಕರಾರು ಒಂದೂ ಬರಲಿಲ್ಲ. ಸಾವ್ಕಾರರು ಖುಷಿಯಾದರು.

ದ್ಯಾವಪ್ಪ ತೆಳ್ಳಗಾದ ಎಂದು ಅವನ ಹೆಂಡತಿ ಪಾರ್ವತೆಮ್ಮ ನನ್ನ ಮುಂದೆ ಅಂದಳು. “ಮೊದಲ ಮಂದಿ ಜೋಡಿ ಗುಡ್ಡಕ್ಕ ಹೋಗಿ ಬಂದ್ರ ಉಂಡು ಬಾಯಿ ತುಂಬ ಮಾತಾಡ್ತಿದ್ದ. ಈಗ ಖರೇ ಹೇಳಾಕ ಹತ್ತ್ಯಾನ, ಮಾತ ನಿಂತಾವ. ಏನ್ ಮಾಡೀರಿ ಸಾಬ್ರ ಇವಗ?” ನಾನೇನು ಮಾಡಲಿ, ಅಳೆದವನು ಮಾತ್ರ ನಾನು.

ಮಾಘದಲ್ಲಿ ಒಂದು ದಿನ ಸಾವ್ಕಾರರು ತಾವೇ ಗಾಡಿ ಹತ್ತಿದರು. ಜೊತೆಗೆ ಅವರ ಅಕ್ಕ ಶಿವಕುಮಾರಿ. ಅರವತ್ತು ದಾಟಿದವರು. ಇವರಿಬ್ಬರ ಊರು ಲಿಂಗಸುಗೂರಿನ ಕಡೆಯ ಒಣ ಸೀಮೆಯದು. ಸಾವ್ಕಾರರು ವ್ಯಾಪಾರಕ್ಕೆಂದು ಸಿಂಧನೂರು ಸೇರಿದರು, ಅಕ್ಕನನ್ನು ಜವಳಗೇರಾದ ಗದ್ದೆಯವರ ಮನೆಗೆ ಕೊಟ್ಟಿದ್ದರು. ತವರೂ ಗಂಡನ ಮನೆಯೂ ಒಂದೇ ಕಲ್ಲಿನಿಂದ ಕಾಣುತ್ತವೆ ಎಂದು ಯಾರೋ ಹೇಳಿದ್ದನ್ನು ಕೇಳಿ ಆಕೆ ಹಟ ಹಿಡಿದಿದ್ದರು. ಮೊಣಕಾಲು ನೋವು ಬೇರೆ. ಗುಡ್ಡದ ಬುಡದಲ್ಲಿ ಸಾವ್ಕಾರರು ದ್ಯಾವಪ್ಪನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: “ಅಕ್ಕಗ ಏನಾರ ಆದ್ರ ನಿನ್ನ ಕೆಲಸ ಇವತ್ತಿಗೆ ಮುಗೀತು.”

“ಅವ್ವಾರ, ಮೂರು ಕಿಲೋಮೀಟರ್ ಇನ್ನೂರು ಮೀಟರ್ ಐತ್ರಿ” ಎಂದ ದ್ಯಾವಪ್ಪ.

“ಅದ್ನ ತಗೊಂಡು ನಾನೇನ್ ಮಾಡ್ಲೋ ಯಪ್ಪಾ? ನಡೀ.”

ನೀರಿನ ಬಾಟಲಿ ಹಿಡಿದು ನಾನೂ ಹಿಂದೆ ಹತ್ತಿದೆ. ಬಿಸಿಲು ಏರಿತ್ತು. ದೊಣೆಯವರೆಗೆ ಬರುವಷ್ಟರಲ್ಲಿ ಆಕೆಯ ಕಾಲು ಬಾತಿತ್ತು. ದೊಣೆಯ ಮೇಲಿನ ಹಾಸುಗಲ್ಲಿನ ಮೇಲೆ ಕುಳಿತುಬಿಟ್ಟರು. ಅಲ್ಲಿಂದ ಗದ್ದೆಯ ಕಡೆ ಒಂದಿಷ್ಟು ಹಸಿರು ಕಾಣುತ್ತದೆ, ಪಡುವಣಕ್ಕೆ ಗುಡ್ಡ ಅಡ್ಡ. ಸಾವ್ಕಾರರು ಅಕ್ಕನ ಕಾಲು ನೋಡಿದರು, ಆಮೇಲೆ ದ್ಯಾವಪ್ಪನ ಮುಖ ನೋಡಿ ಕಣ್ಣು ಹೊಡೆದರು.

“ಇದೇ ಅಲ್ಲೇನು ದ್ಯಾವಪ್ಪ, ಆ ಎರಡು ಸೀಮಿ ಬಂಡೆ?”

ನನಗೆ ನಗು ಬಂತು, ಸಿಟ್ಟೂ ಬಂತು. ಕಿಲೋಮೀಟರ್ ಕೇಳಿದ ಮನುಷ್ಯ ಇವನೇ. ದ್ಯಾವಪ್ಪ ಬಡಿಗೆಯ ತುದಿ ನೋಡುತ್ತ ನಿಂತ. “ಹ್ಞೂಂರೀ” ಎಂದ.

ಶಿವಕುಮಾರಿ ಸೆರಗಿನಿಂದ ಮುಖ ಒರೆಸಿಕೊಂಡು ನೋಡಿದರು. “ಚಂದೈತಿ. ಆದ್ರ ಇಷ್ಟು ನಮ್ಮ ಮನಿ ಮಾಳಿಗಿ ಹತ್ತಿದ್ರೂ ಕಾಣತೈತಿ. ನಮ್ಮೂರ ಕಡೆದು ಎಲ್ಲೈತೋ?”

“ಅದು ಗುಡ್ಡ ಅಡ್ಡ ಬಂದೈತಕ್ಕ. ಅಲ್ಲೇನೈತಿ ನೋಡಾಕ? ಜಾಲಿ ಕಂಟಿ. ಏಳು, ಇಳಿಯೋಣು” ಎಂದರು ಸಾವ್ಕಾರರು.

ಆಕೆ ಏಳಲು ಕೈ ಊರಿದರು. ಸುಮ್ಮನಿದ್ದಿದ್ದರೆ ದ್ಯಾವಪ್ಪನ ಕೆಲಸ ಉಳಿಯುತ್ತಿತ್ತು. ಅವನು ಸುಮ್ಮನಿರಲಿಲ್ಲ.

“ಅವ್ವಾರ, ಇದು ಆ ಬಂಡೆ ಅಲ್ರಿ. ಸುಳ್ಳು ಹೇಳಿದೆ. ಅದು ಇನ್ನೂ ಮುಂದೈತಿ. ದೂರ ಐತಿ.”

ದೂರ ಎಂಬ ಮಾತು ಅವನ ಬಾಯಲ್ಲಿ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಸಾವ್ಕಾರರ ಮುಖ ಕಪ್ಪಿಟ್ಟಿತು. ಶಿವಕುಮಾರಿ ತಮ್ಮನನ್ನೂ ನೋಡಿದರು, ಇವನನ್ನೂ ನೋಡಿದರು.

“ಇಬ್ಬರೂ ಸೇರಿ ನನ್ನ ಕೂಸು ಮಾಡಿದ್ರೇನು?”

“ತಪ್ಪಾತ್ರಿ.”

“ಇವತ್ತು ಆಗಂಗಿಲ್ಲ ನನ್ನ ಕಡೆ. ಅದು ಎಲ್ಲಿಗೂ ಹೋಗಂಗಿಲ್ಲಲ್ಲ?”

“ಇಲ್ರಿ.”

ಇಳಿದೆವು. ಗಾಡಿಯ ಹತ್ತಿರ ಸಾವ್ಕಾರರು “ನಾಳಿಂದ ನೀ ಬರಬ್ಯಾಡ” ಎಂದರು. ದ್ಯಾವಪ್ಪ ತಲೆಯಾಡಿಸಿ ಕುರಿಗಳ ಕಡೆ ಹೋದ. ನಾನು ಬಾಯಿ ತೆರೆದೆ. ಅಕ್ಕ ಗಾಡಿಯಲ್ಲಿ ಕುಳಿತಿದ್ದರಿಂದ ಮುಚ್ಚಿಕೊಂಡೆ.

ಎಂಟು ದಿನದಲ್ಲಿ ಮಸ್ಕಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಅನಿಲಕುಮಾರನಿಗೆ ಆ ಕೆಲಸ ಸಿಕ್ಕಿತು. ಅವನು ಮಂದಿಯನ್ನು ದೊಣೆಯವರೆಗೆ ಕರೆದೊಯ್ಯುತ್ತಾನೆ, ಹಾಸುಗಲ್ಲಿನ ಮೇಲೆ ನಿಲ್ಲಿಸಿ ಫೋಟೋ ತೆಗೆಯುತ್ತಾನೆ, ಒಂದೂವರೆ ತಾಸಿನಲ್ಲಿ ಇಳಿಸುತ್ತಾನೆ. ಎಲ್ಲರೂ ಐದು ನಕ್ಷತ್ರ ಕೊಡುತ್ತಾರೆ. ಲಾಡ್ಜಿನ ಗೋಡೆಗೆ ಆ ಹಾಸುಗಲ್ಲಿನ ದೊಡ್ಡ ಫೋಟೋ ಹಾಕಿ ಕೆಳಗೆ ‘ಎರಡು ಸೀಮೆಯ ಬಂಡೆ’ ಎಂದು ಬರೆಸಿದ್ದಾರೆ. ಇದನ್ನು ನಾನು ಹೇಳಿದಾಗ ದ್ಯಾವಪ್ಪ ಕೇಳಿದ: “ಅಲ್ಲಿಗೆ ಹೋಗಲಾರದೇನ ಹೆಸರು ಬರಸ್ಯಾರ?” ಹೌದೆಂದೆ. “ಮಂದಿ ದೊಣಿಯಾಗ ಕಾಲಿಡಾಕತ್ತಾರ, ಮಕ್ತುಮ್. ಅದ್ನಾರ ಬ್ಯಾಡನ್ನು” ಎಂದ. ನಾನು ಅನಿಲಕುಮಾರನಿಗೆ ಹೇಳಿದೆ. ಹೇಳಿದ ರೀತಿಗೆ ಅವನು ಎರಡು ದಿನ ನನ್ನ ಗಾಡಿ ಹತ್ತಲಿಲ್ಲ. ಕಾಲಿಡುವುದು ಮಾತ್ರ ನಿಂತಿತು.

ಹೋಳಿ ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಶಿವಕುಮಾರಿ ಜವಳಗೇರಾದಿಂದ ನನಗೆ ಫೋನು ಮಾಡಿದರು. ತಮ್ಮನಿಗೆ ಹೇಳಬೇಡ ಎಂದರು. ಮರುದಿನ ಸೂರ್ಯ ಹುಟ್ಟುವುದಕ್ಕೆ ಮುಂಚೆ ಗುಡ್ಡದ ಬುಡದಲ್ಲಿದ್ದೆವು. ದ್ಯಾವಪ್ಪ ಕುರಿ ಬಿಟ್ಟುಕೊಂಡೇ ಬಂದಿದ್ದ, ಅವತ್ತು ಅವನ ಪಾಳಿ. ಕುರಿ ಮೇಯುವಷ್ಟು ನಿಧಾನಕ್ಕೆ ನಡೆದೆವು. ಕುರಿ ನಿಂತರೆ ಆಕೆಯೂ ನಿಲ್ಲುತ್ತಿದ್ದರು, ಕೂರುತ್ತಿದ್ದರು, ಬುತ್ತಿ ಬಿಚ್ಚುತ್ತಿದ್ದರು. ಮೂರು ತಾಸು ಹಿಡಿಯಿತು. ಇನ್ನೆಷ್ಟು ದೂರ ಎಂದು ಆಕೆ ಒಮ್ಮೆಯೂ ಕೇಳಲಿಲ್ಲ.

ಬಂಡೆಯ ಮೇಲೆ ಗದ್ದೆಗಳಿಗೆ ಬೆನ್ನು ಹಾಕಿ ಕುಳಿತರು. ಪಡುವಣಕ್ಕೆ ಬಹಳ ಹೊತ್ತು ನೋಡಿ ಕೈ ಚಾಚಿದರು.

“ಆ ಬೇವಿನ ಗಿಡದ ಗುಂಪ ನಮ್ಮೂರು.”

“ಅಲ್ರಿ ಅವ್ವಾರ” ಎಂದ ದ್ಯಾವಪ್ಪ. “ಅದರ ಹಿಂದ ಇನ್ನೊಂದು ಗುಂಪೈತಿ, ಮಬ್ಬು. ಅದು ನಿಮ್ಮೂರು.”

ಆಕೆ ಕಣ್ಣಿಗೆ ಕೈ ಅಡ್ಡ ಹಿಡಿದು ಮತ್ತೆ ನೋಡಿದರು. ಬಿಸಿಲು ಏರಿ ಧೂಳು ಎದ್ದು ಎರಡು ಗುಂಪುಗಳೂ ಒಂದಾಗುವವರೆಗೆ ಕುಳಿತಿದ್ದರು. ಇಳಿಯಲು ಹತ್ತಿದ್ದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.