ಹನ್ನೆರಡು ಬಿಸ್ಕತ್ತು, ಐದು ಹೊದಿಕೆ

ಬಿಸ್ಕತ್ತು ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಪೊಟ್ಟಣಪ್ಪ ಎಂದೇ ಕರೆಯುತ್ತಿದ್ದರು. ಬಿಸ್ಕತ್ತು ಬೇಯಿಸುವವರು ಬೇರೆ, ಮಾರುವವರು ಬೇರೆ; ಅದಕ್ಕೆ ಬಟ್ಟೆ ತೊಡಿಸುವುದು ಇವರ ಕೆಲಸ. ಸ್ವಂತ ಅಂಗಿಯ ಗುಂಡಿ ಬಿದ್ದು ತಿಂಗಳಾದರೂ ಗಮನಿಸದ ಮನುಷ್ಯ, ಪೊಟ್ಟಣದ ಮೇಲೊಂದು ಸುಕ್ಕು ಕಂಡರೆ ಊಟ ಬಿಡುತ್ತಿದ್ದರು.

ಅವರ ಇಪ್ಪತ್ತಾರು ವರ್ಷದ ತಪಸ್ಸಿನ ಫಲ ಹನ್ನೆರಡು ಬಿಸ್ಕತ್ತಿನ ದೊಡ್ಡ ಡಬ್ಬಿ. ಬಿಸ್ಕತ್ತು ಮುರಿಯದಿರಲೆಂದು ಗೂಡುಗೂಡಾದ ಪ್ಲಾಸ್ಟಿಕ್ ತಟ್ಟೆ. ಮೆತ್ತಗಾಗದಿರಲೆಂದು ತಟ್ಟೆಗೊಂದು ಬೆಳ್ಳಿಬಣ್ಣದ ಚೀಲ. ಚೀಲ ಮುದುಡದಿರಲೆಂದು ರಟ್ಟಿನ ಡಬ್ಬಿ. ರಟ್ಟಿಗೆ ಗೀರು ಬೀಳದಿರಲೆಂದು ಪ್ಲಾಸ್ಟಿಕ್ ಹಾಳೆ. ‘ಪರಿಸರಸ್ನೇಹಿ’ ಎಂದು ಅಚ್ಚು ಹಾಕಿಸಲು ಇಷ್ಟರಲ್ಲೂ ಜಾಗ ಸಾಲದೆ, ಸುತ್ತ ಒಂದು ಹಸಿರು ಪಟ್ಟಿ. ಮಗನಿಗೆ ಅಪ್ಪ ಕಾವಲು, ಅಪ್ಪನಿಗೆ ತಾತ ಕಾವಲು. ಒಳಗೆ ಅರ್ಧಕ್ಕರ್ಧ ಗಾಳಿ. ಅಂಗಡಿಯ ಕಪಾಟಿನ ಮುಂದೆ ನಾವು ಡಬ್ಬಿಯ ಗಾತ್ರ ನೋಡಿಯೇ ಕೈ ಚಾಚುವ ಪೈಕಿ ಎಂಬುದು ಪೊಟ್ಟಣಪ್ಪನವರ ಅಂದಾಜು. ನಮ್ಮ ದುರದೃಷ್ಟಕ್ಕೆ ಅದು ಸರಿಯಾಗಿಯೇ ಇತ್ತು.

ಹೀಗಿರಲು ಪುರಸಭೆಯಿಂದ ನೋಟಿಸು ಬಂತು. ಊರಿನ ಮೋರಿಗಳೆಲ್ಲ ಪೊಟ್ಟಣಗಳಿಂದ ಕಟ್ಟಿಕೊಂಡಿವೆ, ಪ್ರತಿ ಡಬ್ಬಿಯಿಂದ ಒಂದು ಹೊದಿಕೆಯನ್ನಾದರೂ ತೆಗೆಯತಕ್ಕದ್ದು. ಯಜಮಾನರು ಕರೆಸಿದರು.

“ನೋಡ್ರೀ, ಒಂದು ತೆಗೀಬೇಕು, ಬಿಸ್ಕತ್ತು ಮುರೀಬಾರ್ದು. ಸೋಮವಾರ ಮಾಡಿ ತೋರಿಸಿದ್ರೆ ವಿಭಾಗದ ಮುಖ್ಯಸ್ಥರ ಕುರ್ಚಿ ನಿಮ್ದು. ಆಗಲ್ಲ ಅಂದ್ರೆ ಹೊರಗಿನವರನ್ನ ಕರೀತೀನಿ.”

ಪೊಟ್ಟಣಪ್ಪನವರಿಗೆ ಐವತ್ನಾಲ್ಕು. ಇಷ್ಟು ವರ್ಷ ಗೋಂದಿನ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತವರನ್ನು ಇನ್ನೊಂದು ಕುರ್ಚಿ ಹುಡುಕಿಕೊಂಡು ಬರುವುದುಂಟೇ? ಅಂದೇ ತಟ್ಟೆ ತೆಗೆದು, ಡಬ್ಬಿಯನ್ನು ಸೊಂಟದೆತ್ತರದಿಂದ ಹತ್ತು ಸಲ ಬೀಳಿಸಿದರು. ಒಂದೂ ಮುರಿಯಲಿಲ್ಲ.

ಮುರಿಯುವ ಮಾತೇ ಇರಲಿಲ್ಲ, ಏಕೆಂದರೆ ಒಳಗಿದ್ದವು ಮರದ ಬಿಸ್ಕತ್ತುಗಳು. ನಿಜವಾದವನ್ನು ಬೀಳಿಸಿದರೆ ಪುಡಿಯಾಗಿ ಇರುವೆ ಮುತ್ತುತ್ತವೆಂದು, ಕೆಲಸಕ್ಕೆ ಸೇರಿದ ವರ್ಷವೇ ಬಡಗಿಯಿಂದ ಹನ್ನೆರಡು ಕಡೆಸಿಟ್ಟುಕೊಂಡಿದ್ದರು. ಅಂದಿನಿಂದ ಎಲ್ಲ ಪರೀಕ್ಷೆಯೂ ಅವುಗಳ ಮೇಲೆಯೇ, ಎಲ್ಲ ವರದಿಯಲ್ಲೂ ‘ಹಾನಿ: ಇಲ್ಲ’. ಅಂಗಡಿಗಳಿಂದ ದೂರು ಬಂದಾಗಲೆಲ್ಲ ಲಾರಿ ಚಾಲಕನನ್ನು ಬೈದು ಇನ್ನೊಂದು ಹೊದಿಕೆ ಸೇರಿಸುತ್ತಿದ್ದರು. ಐದಾದದ್ದು ಹೀಗೆ.

ಭಾನುವಾರ ಹೆಂಡತಿಗೆ ತೋರಿಸಲು ಡಬ್ಬಿಯನ್ನು ಮನೆಗೆ ತಂದರು. ಆಕೆ ಮರದ ತುಂಡುಗಳನ್ನು ಬದಿಗಿಟ್ಟು, ಅಡುಗೆಮನೆಯ ಬಿಸ್ಕತ್ತು ತುಂಬಿ ಬೀಳಿಸಿದರು.

“ರೀ, ಇದನ್ನ ಚಮಚದಲ್ಲಿ ತಿನ್ಬೇಕಾ?”

ಪೊಟ್ಟಣಪ್ಪ ಮನೆಯಲ್ಲೇ ಇದ್ದ ಐದೂ ಹೊದಿಕೆಯ ಹಳೇ ಡಬ್ಬಿಯನ್ನು ಬೀಳಿಸಿದರು. ಅದರಲ್ಲೂ ಪುಡಿಯೇ.

ಆಕೆ ಹನ್ನೆರಡು ಬಿಸ್ಕತ್ತು ಒಂದರ ಮೇಲೊಂದು ಜೋಡಿಸಿ, ಒಂದೇ ಕಾಗದದಲ್ಲಿ ಬಿಗಿಯಾಗಿ ಸುತ್ತಿ ಕೆಳಗೆ ಬಿಟ್ಟರು. ಬಿಚ್ಚಿದರೆ ಒಂದರ ಅಂಚು ಮಾತ್ರ ಚೂರು ಹೋಗಿತ್ತು.

“ಅಲ್ಲಾಡೋಕೆ ಜಾಗ ಕೊಟ್ರೆ ಒಡೀದೆ ಇನ್ನೇನು? ಮನೆ ಬದಲಾಯಿಸುವಾಗ ಗಾಜಿನ ಲೋಟದ ಸಂದೀಗೆಲ್ಲ ನಾನು ಹಳೇ ಸೀರೆ ತುರುಕಿರ್ಲಿಲ್ವಾ? ನೀವು ಗಾಳಿ ತುಂಬಿ, ಗಾಳಿಗೆ ಐದು ಕಾವಲು ಇಟ್ಟಿದೀರಿ.”

“ಮೆಲ್ಲಗೆ ಮಾತಾಡೇ.”

“ಯಾಕೆ ಮೆಲ್ಲಗೆ? ಹಿತ್ತಲ ಮೋರಿಗೆ ಕೋಲು ಹಾಕಿ ಎಳೆಯೋಳು ನಾನು. ಬರೋದು ಬರೀ ನಿಮ್ಮ ಹಸಿರು ಪಟ್ಟಿ. ಅದರ ಮೇಲೆ ಎಲೆ ಚಿತ್ರ ಬೇರೆ.”

ಸೋಮವಾರ ಪೊಟ್ಟಣಪ್ಪ ಗಟ್ಟಿ ಮನಸ್ಸು ಮಾಡಿ ಹೆಂಡತಿ ಸುತ್ತಿದಂಥ ಎರಡು ಕಾಗದದ ಸುರುಳಿಗಳನ್ನು ಯಜಮಾನರ ಮೇಜಿನ ಮೇಲಿಟ್ಟರು. ಮರದ ಬಿಸ್ಕತ್ತಿನ ಕಥೆಯನ್ನೂ ಒಪ್ಪಿಕೊಂಡರು. ಯಜಮಾನರು ಒಂದು ಸುರುಳಿಯನ್ನು ತಾವೇ ಎತ್ತಿ ಬೀಳಿಸಿ, ಬಿಚ್ಚಿ, ಒಂದು ಬಿಸ್ಕತ್ತು ತಿಂದು ತಲೆದೂಗಿದರು. ಇನ್ನೊಂದು ಸುರುಳಿಯನ್ನು ಹಳೇ ಡಬ್ಬಿಯ ಪಕ್ಕದಲ್ಲಿಟ್ಟು ನೋಡಿದರು. ಮುಖ ಸಣ್ಣಗಾಯಿತು.

“ಎಲ್ಲಾ ಸರಿ. ಆದ್ರೆ ಇದು ಹನ್ನೆರಡು ಬಿಸ್ಕತ್ತು ಇದ್ದ ಹಾಗೆ ಕಾಣುತ್ತಲ್ರೀ.”

“ಹನ್ನೆರಡೇ ಇರೋದು ಸರ್.”

“ಅದೇ ತೊಂದರೆ.”

ಯಜಮಾನರು ತೀರ್ಪು ಕೊಟ್ಟರು. ತಟ್ಟೆ ಬೇಡ. ಸುರುಳಿ ಇರಲಿ, ಡಬ್ಬಿಯೂ ಇರಲಿ. ಸುರುಳಿ ಡಬ್ಬಿಯೊಳಗೆ ಗಡಗಡ ಅನ್ನದಂತೆ ಸುತ್ತ ಚೂರು ಕಾಗದ ತುಂಬಬೇಕು.

“ಅಲ್ಲಿಗೆ ಆರಾಗುತ್ತೆ ಸರ್.”

“ಒಂದು ತೆಗೀರಿ ಅಂದಿದಾರೆ, ತೆಗೆದಿದೀವಿ. ಹಾಕಬೇಡಿ ಅಂತ ಎಲ್ಲಿ ಬರೆದಿದೆ, ತೋರಿಸಿ ನೋಡೋಣ. ಅಂದ ಹಾಗೆ, ಕುರ್ಚಿ ಇವತ್ತೇ ಬರುತ್ತೆ.”

ಪೊಟ್ಟಣಪ್ಪನವರ ನಾಲಿಗೆ ತುದಿಯಲ್ಲಿ ಮೋರಿಯ ಮಾತು ಇತ್ತು. ಆದರೆ ಮನುಷ್ಯನ ಬಾಯಿಗೆ ಕುರ್ಚಿಯಷ್ಟು ಬಿಗಿಯಾದ ಮುಚ್ಚಳವನ್ನು ಯಾವ ಕಾರ್ಖಾನೆಯೂ ಇನ್ನೂ ತಯಾರಿಸಿಲ್ಲ. “ಆಗಲಿ ಸರ್” ಎಂದರು.

ಸಂಜೆ ಕುರ್ಚಿ ಬಂತು. ರಟ್ಟು ಹರಿದು, ಥರ್ಮಾಕೋಲ್ ಕಿತ್ತು, ಕೊನೆಗೆ ಆಸನದ ಮೇಲಿನ ಪ್ಲಾಸ್ಟಿಕ್ಕಿಗೆ ಕೈ ಹಾಕಿದ ಪೊಟ್ಟಣಪ್ಪ ಅಲ್ಲಿಗೇ ನಿಲ್ಲಿಸಿದರು. ಹೊಸದು, ಕೊಳೆಯಾದೀತು. ಅದನ್ನು ಹಾಗೆಯೇ ಬಿಟ್ಟು ಕೂತರು. ಈಗ ಸೆಕೆಗೆ ಪ್ಯಾಂಟು ಅದಕ್ಕೆ ಅಂಟಿಕೊಳ್ಳುತ್ತದೆ. ಅವರು ಏಳುವಾಗಲೆಲ್ಲ ‘ಪರ್ರ್’ ಎಂದು ಸದ್ದಾಗುತ್ತದೆ, ಮುಖ್ಯಸ್ಥರು ಎದ್ದರೆಂದು ಇಡೀ ವಿಭಾಗಕ್ಕೆ ತಿಳಿಯುತ್ತದೆ.