ಸಮ್ ಅಂದರೆ ಎಲ್ಲಾ ಅಲ್ಲ

ತರನ್ನುಮ ಟೀಚರನ್ನು ಮೊದಲ ಸಲ ಕಂಡಾಗ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಹಾಲಸಿದ್ದಪ್ಪ ಚೀಲದೊಳಗೆ ಕೈ ಇಟ್ಟವರ ಹಾಗೆ ಅಳೆದರು. ಕಡ್ಡಿ ತಳಿಯ ಮಾಲು. ತೆಳ್ಳಗೆ, ಉದ್ದಕ್ಕೆ, ಮೇಲೆ ಹೊಳಪಿಲ್ಲ. ಮಾತು ಮಾತ್ರ ಚೆನ್ನಾಗಿ ಒಣಗಿದ್ದು, ಮುರಿದರೆ ಚಟ್ ಅನ್ನುತ್ತದೆ. ತಾವು ಡಬ್ಬಿ ತಳಿಯ ದುಂಡು ಆಳು ಎಂಬುದು ಆಗ ಅವರಿಗೆ ನೆನಪಾಗಲಿಲ್ಲ.

ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ರಾಣೆಬೆನ್ನೂರಿನ ಕಾಲೇಜಿನಲ್ಲಿ ಇಂಗ್ಲಿಷು ಕಲಿತವಳು ತರನ್ನುಮ. ತನ್ನ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಸಣ್ಣ ಮಕ್ಕಳಿಗೆ ಇಂಗ್ಲಿಷ್ ಶಬ್ದಗಳ ಅರ್ಥ ಹೇಳುತ್ತಿದ್ದಳು. ಡಿಕ್ಷನರಿಯ ಅರ್ಥಗಳಲ್ಲ.

"ಬಾರೋ ಅಂದ್ರ ಇಸ್ಕೊಂಡು ತಿರುಗಿ ಕೊಡೂದು. ಸ್ಟೀಲ್ ಅಂದ್ರ ಕೇಳದ ಒಯ್ಯೂದು. ಶೇರ್ ಅಂದ್ರ ನಿನ್ನ ಚಕ್ಕುಲಿ ಮುರಿಯೂದು."

ಹಾಲಸಿದ್ದಪ್ಪನವರ ಮೊಮ್ಮಗಳು ಐಶ್ವರ್ಯಳಿಗೆ ಅರ್ಥ ಬೇಕಾಗಿರಲಿಲ್ಲ, ಬಾಯಿ ಬೇಕಾಗಿತ್ತು. ಹಾವೇರಿಯ ಶಾಲೆಯಲ್ಲಿ ಮಾಸ್ತರರು ಪುಸ್ತಕ ನೋಡಿ "ಈಸ್ ಚಿಲ್ಲಿ ಹಾಟ್?" ಎಂದು ಕೇಳಿದ್ದಕ್ಕೆ "ನೋ" ಎಂದಿದ್ದಳು. ಬ್ಯಾಡಗಿ ಕಾಯಿ ಇರೋದು ಬಣ್ಣಕ್ಕೆ, ಖಾರಕ್ಕಲ್ಲ ಎಂದು ಅಜ್ಜ ದಿನಾ ಫೋನಿನಲ್ಲಿ ಗಿರಾಕಿಗಳಿಗೆ ಹೇಳುವುದನ್ನು ಕೇಳಿ ಬೆಳೆದ ಕೂಸು. ತರಗತಿಯೆಲ್ಲ ನಕ್ಕಿತು. ಅಂದಿನಿಂದ ಅವಳು ಶಾಲೆಯಲ್ಲಿ ತುಟಿ ಬಿಚ್ಚಲಿಲ್ಲ. ಬರಬರುತ್ತ ಮನೆಯಲ್ಲೂ ಸುಮ್ಮನಾದಳು.

ಹಾಲಸಿದ್ದಪ್ಪ ಕೂಸನ್ನು ಕರೆತಂದು ಇದನ್ನೆಲ್ಲ ಹೇಳಿದಾಗ ತರನ್ನುಮ, "ಸಾವಕಾರ್ರ, ಕೂಸು ತಪ್ಪು ಹೇಳಿಲ್ಲ. ಪುಸ್ತಕದಾಗಿನ 'ಯೆಸ್'ನೂ ತಪ್ಪಲ್ಲ. ಅದನ್ನ ಬರದವರು ಖಾರದ ಗುಂಟೂರ ಕಾಯಿ ತಿಂದಿರಬೇಕು" ಎಂದಳು. ಅಡುಗೆಮನೆಯಿಂದ ಎರಡು ಕಾಯಿ ತಂದಳು, ಒಂದು ಬ್ಯಾಡಗಿಯದು, ಒಂದು ಗುಂಟೂರಿನದು. ಐಶ್ವರ್ಯ ಒಂದನ್ನು ಮುರಿದು ನಾಲಿಗೆಗೆ ಮುಟ್ಟಿಸಿದಳು, ಏನೂ ಆಗಲಿಲ್ಲ. ಇನ್ನೊಂದನ್ನು ಮುಟ್ಟಿಸಿದಳು, ಕಣ್ಣಲ್ಲಿ ನೀರು.

"ಹಾಟ್," ಎಂದಳು.

ಹಾಲಸಿದ್ದಪ್ಪ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡರು.

"ಹಂಗಾರ ಒಂದು ಶಬ್ದ ಜೋಡಸೂಣು" ಎಂದಳು ತರನ್ನುಮ. " ಸಮ್. ಸಮ್ ಅಂದ್ರ ಎಲ್ಲಾ ಅಲ್ಲ, ಕೆಲವು. ಸಮ್ ಚಿಲ್ಲೀಸ್ ಆರ್ ಹಾಟ್."

"ಏನವ್ವಾ, ನಮ್ಮ ಮಾರ್ಕೆಟ್ಟಿನ್ಯಾಗ 'ಕೆಲವು ಚೀಲ ಚಲೋ ಅದಾವು' ಅಂದ್ರ ಗಿರಾಕಿ ಎದ್ದು ಹೋಗ್ತಾನ" ಎಂದರು ಹಾಲಸಿದ್ದಪ್ಪ.

"ಅದಕ್ಕ ನಿಮಗ ಕಲಸಾಕತ್ತಿಲ್ಲರಿ, ಕೂಸಿಗೆ ಕಲಸಾಕತ್ತೇನಿ."

ಮರುವಾರ ಐಶ್ವರ್ಯ ಶಾಲೆಯಲ್ಲಿ ಕೈ ಎತ್ತಿದಳು. "ಸಮ್ ಚಿಲ್ಲೀಸ್ ಆರ್ ಹಾಟ್. ಅವರ್ ಚಿಲ್ಲಿ ಈಸ್ ರೆಡ್." ಯಾರೂ ನಗಲಿಲ್ಲ. ಮನೆಗೆ ಬಂದವಳು ಅದನ್ನೇ ಅಜ್ಜಿಗೆ, ಹಾಲಿನವನಿಗೆ, ಕೊನೆಗೆ ಅಜ್ಜನ ಫೋನಿನಲ್ಲಿದ್ದ ಗಿರಾಕಿಗೂ ಹೇಳಿದಳು. ಗಿರಾಕಿ 'ಕೆಲವು ಅಂದರೆ ಯಾವ ಚೀಲ?' ಎಂದು ಕೇಳಿದ. ಹಾಲಸಿದ್ದಪ್ಪ ಬಹಳ ದಿನಗಳ ಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು.

ಈಗ ಆ ಮನೆಯಲ್ಲಿ ಮಾತಿಗೆ ಬಿಡುವಿಲ್ಲ. ಅದು ತರನ್ನುಮ ಕೊಟ್ಟದ್ದು. ಹಾಲಸಿದ್ದಪ್ಪನವರ ಮೇಲೆ ಅವಳ ಋಣವಿದೆ.